ಮ್ಯಾಂಚೆಸ್ಟರಿನ ವಾದ್ಯವೃಂದ

ರಾಜಧಾನಿಯಲ್ಲದ, ಅರಸರ ಆಸ್ಥಾನವಿಲ್ಲದ, ಕೇವಲ ವ್ಯಾಪಾರದಿಂದ ಬೆಳೆದ ಒಂದು ಊರಿನಲ್ಲಿ ಸಂಗೀತದ ದೊಡ್ಡ ಸಂಸ್ಥೆಯೊಂದು ತಲೆಮಾರುಗಳ ವರೆಗೆ ಬದುಕಬಲ್ಲದೆ? ಬದುಕಬಲ್ಲದಾದರೆ ಯಾರ ಹಣದಿಂದ, ಯಾರ ಹೊಣೆಯಿಂದ? ಈ ಪ್ರಶ್ನೆಯನ್ನು ನಮ್ಮ ಊರುಗಳಲ್ಲಿ ಯಾರೂ ನೆಟ್ಟಗೆ ಕೇಳುವದಿಲ್ಲ. ಸಂಗೀತದ ಮಾತು ಬಂದೊಡನೆ ನಮ್ಮ ಮುಖಂಡರು ಸರಕಾರದ ಕಡೆಗೆ ನೋಡುತ್ತಾರೆ. ಸರಕಾರದವರು ದಾನಿಗಳ ಕಡೆಗೆ ಬೆರಳು ತೋರಿಸುತ್ತಾರೆ. ದಾನಿಗಳು ತಮ್ಮ ಹೆಸರಿನ ಹಲಗೆಯು ಎಷ್ಟು ಉದ್ದವಿರುವದೆಂದು ವಿಚಾರಿಸುತ್ತಾರೆ. ಇಷ್ಟರಲ್ಲಿ ವಾದ್ಯಗಾರನು ಅನ್ನವನ್ನು ಹುಡುಕಿಕೊಂಡು ಬೇರೆ ಊರಿಗೆ ಹೊರಟುಹೋಗಿರುತ್ತಾನೆ. ಇದೇ ಪ್ರಶ್ನೆಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಟ್ಟಣವು 1858ರಿಂದ ಇಂದಿನ ವರೆಗೆ, ಎಡವುತ್ತ ಏಳುತ್ತ, ಒಂದು ಉತ್ತರವನ್ನು ಕೊಡುತ್ತ ಬಂದಿದೆ. ಆ ಪಟ್ಟಣದ 'ಹ್ಯಾಲೆ' ವಾದ್ಯವೃಂದದ ವೃತ್ತಾಂತವನ್ನು ಇಂದು ವಾಚಕರ ಮುಂದಿಡಬೇಕೆಂದು ನಾವು ಬಗೆದಿದ್ದೇವೆ.

ಮ್ಯಾಂಚೆಸ್ಟರೆಂಬ ಹೆಸರು ಕಿವಿಗೆ ಬಿದ್ದೊಡನೆ ಅನೇಕರ ಹುಬ್ಬು ಗಂಟಿಕ್ಕುವದೆಂಬದನ್ನು ನಾವು ಬಲ್ಲೆವು. ನಮ್ಮ ನೇಕಾರರ ಮಗ್ಗಗಳನ್ನು ನಿಲ್ಲಿಸಿದ ಊರು ಅದು. 1882ರಲ್ಲಿ ವಿಲಾಯತಿ ಅರಿವೆಯ ಮೇಲಿನ ಆಮದು ಸುಂಕವು ರದ್ದಾಗುವಂತೆಯೂ, 1896ರಲ್ಲಿ ಹಿಂದುಸ್ಥಾನದ ಗಿರಣಿಗಳ ಅರಿವೆಯ ಮೇಲೆ ಶೇಕಡಾ 3½ರ ಸುಂಕವು ಬೀಳುವಂತೆಯೂ ಒತ್ತಾಯ ತಂದವರು ಲ್ಯಾಂಕಾಶಾಯರಿನ ಗಿರಣಿಗಳ ಮಾಲಕರೇ. ಇದಕ್ಕಿಂತ ಹತ್ತಿರದ ಸಂಬಂಧವೂ ಉಂಟು. ಅಮೇರಿಕೆಯ ಹತ್ತಿಯೊಂದನ್ನೇ ನಂಬಿ ಕೂಡ್ರಲಾಗದೆಂದು ಮ್ಯಾಂಚೆಸ್ಟರಿನ ವ್ಯಾಪಾರಸ್ಥರು 1857ರಲ್ಲಿ ಹತ್ತಿಯ ಪೂರೈಕೆಗಾಗಿ ಸಂಘವೊಂದನ್ನು ಕಟ್ಟಿದರು. ಅವರು ಕಣ್ಣಿಟ್ಟ ಸೀಮೆಗಳಲ್ಲಿ ನಮ್ಮ ಧಾರವಾಡವೂ ಒಂದು. ಅಮೇರಿಕೆಯ ಬೀಜದಿಂದ ಇಲ್ಲಿಯ ಕರೀ ಭೂಮಿಯಲ್ಲಿ ಬೆಳೆದ 'ಧಾರವಾಡ-ಅಮೇರಿಕನ್' ಹತ್ತಿಯನ್ನು ಘಟ್ಟವಿಳಿಸಿ ಕಾರವಾರದ ಬಂದರದಲ್ಲಿ ಹಡಗು ಹತ್ತಿಸಬೇಕೆಂಬದು ಅವರ ಹಟವಾಗಿದ್ದಿತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸು ಇಲಾಖೆಯಿಂದ ಬಿಡಿಸಿ ಮುಂಬಯಿ ಇಲಾಖೆಗೆ ಕೂಡಿಸಿದ್ದರ ಹಿಂದೆ ಈ ಹತ್ತಿಯ ಒತ್ತಾಯವೂ ಇದ್ದಿತು. ನಮ್ಮ ನಾಡಿನ ನಕ್ಷೆಯ ಮೇಲೆಯೇ ಆ ಊರಿನ ಬೆರಳಿನ ಗುರುತು ಬಿದ್ದಿದೆಯೆಂದ ಬಳಿಕ, ಅಲ್ಲಿ ಕೂಡಿದ ಹಣವು ಯಾವ ಯಾವ ಕಾರ್ಯಕ್ಕೆ ವಿನಿಯೋಗವಾಯಿತೆಂದು ವಿಚಾರಿಸುವ ಅಧಿಕಾರವು ನಮಗೆ ಧಾರಾಳವಾಗಿ ಇದೆ. ಮಹಾತ್ಮಾ ಗಾಂಧಿಯವರು 1931ರ ಸೆಪ್ಟೆಂಬರಿನಲ್ಲಿ ಲ್ಯಾಂಕಾಶಾಯರಿಗೆ ಹೋಗಿ, ಖಾದಿಯ ಚಳವಳಿಯಿಂದ ಪೆಟ್ಟು ತಿಂದಿದ್ದ ಗಿರಣಿ ಕೆಲಸಗಾರರ ನಡುವೆಯೇ ನಿಂತು ಮಾತಾಡಿದರು. ಆ ಜನರು ಅವರನ್ನು ಆದರದಿಂದ ಬರಮಾಡಿಕೊಂಡರು. ಅಂಥವರ ಊರಿನ ಒಳ್ಳೆಯ ಕೆಲಸವೊಂದನ್ನು ಒಳ್ಳೆಯದೆನ್ನಲು ನಾವು ಹಿಂಜರಿಯಬೇಕಾದ ಕಾರಣವಿಲ್ಲ.

ಮೊದಲು ಖರ್ಚಿನ ಮಾತು. ನಮ್ಮ ಸಂಗೀತ ಕಚೇರಿಗೆ ಹಾಡುವವರೊಬ್ಬರು, ತಬಲಾ ಇಲ್ಲವೆ ಮೃದಂಗ, ಪೇಟಿ ಇಲ್ಲವೆ ಪಿಟೀಲು, ಹಿಂದೆ ತಂಬೂರಿ, ಇಷ್ಟಾದರೆ ಸಾಕು; ನಾಲ್ಕೈದು ಜನರು ಒಂದೇ ಜಮಖಾನೆಯ ಮೇಲೆ ಕುಳಿತು ರಾತ್ರಿಯನ್ನು ಬೆಳಗು ಮಾಡಬಲ್ಲರು. ಪಾಶ್ಚಾತ್ಯರ ಸಿಂಫೋನಿಯು ಹಾಗಲ್ಲ. ಅದರಲ್ಲಿ ಪಿಟೀಲಿನ ಜಾತಿಯ ತಂತಿವಾದ್ಯಗಳವರೇ ಐವತ್ತರ ಸುಮಾರು. ಮರದ ಕೊಳಲು, ಹಿತ್ತಾಳೆಯ ಕಹಳೆ, ನಗಾರಿ ಮೊದಲಾದವು ಕೂಡಿ ಒಟ್ಟು ಎಂಬತ್ತರಿಂದ ನೂರು ಜನ. ಪ್ರತಿಯೊಬ್ಬನ ಮುಂದೆಯೂ ಬರೆದ ಸ್ವರದ ಹಾಳೆ. ಒಬ್ಬನಿಲ್ಲದಿದ್ದರೆ ಮೇಳವು ಊನ. ನೂರು ಮಂದಿಯು ದಿನಾಲು ಕೂಡಿ ಅಭ್ಯಾಸ ಮಾಡದೆ ಈ ಸಂಗೀತವು ಕಿವಿಗೆ ಹಿತವಾಗುವದಿಲ್ಲ. ಅಂದರೆ ನೂರು ಸಂಸಾರಗಳ ಹೊಟ್ಟೆಯ ಹೊಣೆಯನ್ನು ಯಾರಾದರೂ ಹೊರಲೇಬೇಕು. ಜರ್ಮನಿ, ಆಸ್ಟ್ರಿಯಗಳಲ್ಲಿ ಅದನ್ನು ಅರಸರು ಹೊತ್ತರು. ಲಂಡನ್ನಿನಲ್ಲಿ ಶ್ರೀಮಂತ ವರ್ಗವು ಹತ್ತಿರವಿತ್ತು. ಹೊಗೆಯಿಂದ ಕಪ್ಪಾದ ಮ್ಯಾಂಚೆಸ್ಟರಿನಲ್ಲಿ ಯಾರು?

ಅಲ್ಲಿ ಮೊದಲು ಇದ್ದದ್ದು 'ಗೃಹಸ್ಥರ ಕಚೇರಿ'ಗಳೆಂಬ ಒಂದು ಕೂಟ. ಕೊಳಲು ನುಡಿಸುವ ಹವ್ಯಾಸಿ ಮಹನೀಯರು ಹದಿನೆಂಟನೆಯ ಶತಮಾನದಲ್ಲಿ ಕಟ್ಟಿಕೊಂಡದ್ದು. ವರ್ಗಣಿ ಕೊಟ್ಟ ಸಭಾಸದರಿಗೆ ಮಾತ್ರ ಪ್ರವೇಶ. ಈ ಊರಿಗೆ 1848ರಲ್ಲಿ ಕಾರ್ಲ್ ಹ್ಯಾಲೆ ಎಂಬ ಪಿಯಾನೋ ವಾದಕನು ಬಂದನು. ಅವನು 1819ರಲ್ಲಿ ಜರ್ಮನಿಯ ಹಾಗೆನ್ ಎಂಬಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಹೆಸರು ಗಳಿಸಿ, ಶೋಪ್ಯಾ, ಲಿಸ್ಟ್, ಬರ್ಲಿಯೋಜ್ ಮೊದಲಾದವರ ಸ್ನೇಹದಲ್ಲಿ ಬೆಳೆದವನು. ಫ್ರಾನ್ಸಿನ ಕ್ರಾಂತಿಯಿಂದ ಅಲ್ಲಿಯ ಜೀವನವು ಕೆಟ್ಟದ್ದರಿಂದ ಇಂಗ್ಲೆಂಡಿಗೆ ಬಂದನು. ಅವನನ್ನು ಮ್ಯಾಂಚೆಸ್ಟರಿಗೆ ಕರೆದವನು ಹರ್ಮನ್ ಲಿಯೋ ಎಂಬ, ಅರಿವೆಗೆ ಅಚ್ಚು ಹಾಕಿಸುವ ಉದ್ಯಮಿ. ಆ ಕಾಲಕ್ಕೆ ಆ ಊರಿನಲ್ಲಿ ಜರ್ಮನ್ ವ್ಯಾಪಾರಸ್ಥರ ದೊಡ್ಡ ವಸತಿಯೇ ಇದ್ದಿತು. ಅರಳೆಯ ಜೊತೆಗೆ ಸಂಗೀತದ ರುಚಿಯನ್ನೂ ಅವರು ತಂದಿದ್ದರು. ಅಲ್ಲಿಯ ವಾದ್ಯಮೇಳವನ್ನು ಮೊದಲ ಸಲ ಕೇಳಿದಾಗ ಹ್ಯಾಲೆಯವರಿಗೆ ಗಂಟು ಕಟ್ಟಿಕೊಂಡು ಹಿಂದಿರುಗಿ ಹೋಗೋಣವೆನ್ನಿಸಿತಂತೆ. ಮಿತ್ರರು ಬಿಡಲಿಲ್ಲ. ಎರಡು ವರ್ಷಗಳೊಳಗೆ ಆ ಮೇಳವು ಅವರ ಕೈಗೇ ಬಂದಿತು.

1857ರಲ್ಲಿ ಮ್ಯಾಂಚೆಸ್ಟರಿನವರು ಚಿತ್ರ ಶಿಲ್ಪಾದಿ ಕಲಾನಿಧಿಗಳ ಮಹಾ ಪ್ರದರ್ಶನವನ್ನು ಏರ್ಪಡಿಸಿದರು. ಮೇ ತಿಂಗಳಿಂದ ಅಕ್ಟೋಬರದ ವರೆಗೆ ಹದಿಮೂರು ಲಕ್ಷಕ್ಕೂ ಮಿಕ್ಕಿ ಜನರು ಅದನ್ನು ನೋಡಿದರು. (ಅದೇ ತಿಂಗಳುಗಳಲ್ಲಿ ಮೀರತ್, ದಿಲ್ಲಿ, ಲಖನೌಗಳಲ್ಲಿ ಏನು ನಡೆದಿತ್ತೆಂಬದನ್ನು ವಾಚಕರಿಗೆ ನೆನಪು ಮಾಡಿಕೊಡಬೇಕಾಗಿಲ್ಲ.) ಪ್ರದರ್ಶನಕ್ಕೆ ಬಂದವರ ಮನರಂಜನೆಗಾಗಿ ನಿತ್ಯ ಸಂಗೀತ ಬೇಕೆಂದು ಹ್ಯಾಲೆಯವರು ಮೇಳವನ್ನು ಹಿಗ್ಗಿಸಿದರು, ಹೊರಗಿನಿಂದಲೂ ವಾದಕರನ್ನು ತರಿಸಿದರು. ಪ್ರದರ್ಶನವು ಮುಗಿಯಿತು, ಮೇಳವನ್ನು ಚದುರಿಸುವ ಸಮಯವು ಬಂದಿತು. ಇಂಥ ಗಳಿಗೆಯಲ್ಲಿ ನಮ್ಮಲ್ಲಿ ಹಾರ ತುರಾಯಿಗಳನ್ನು ಹಂಚಿ, ಒಂದು ವಂದನಾರ್ಪಣೆಯ ಭಾಷಣ ಮಾಡಿ, ಎಲ್ಲರನ್ನೂ ಮನೆಗೆ ಕಳಿಸುವ ವಾಡಿಕೆ. ಹ್ಯಾಲೆಯವರು ಹಾಗೆ ಮಾಡದೆ, ಲಾಭನಷ್ಟಗಳನ್ನು ತಮ್ಮ ತಲೆಯ ಮೇಲೆಯೇ ಹಾಕಿಕೊಂಡು, 1858ರ ಜನವರಿ 30ರಂದು ಸ್ವಂತದ ಕಚೇರಿಗಳ ಮಾಲೆಯನ್ನು ಆರಂಭಿಸಿದರು.

ಆರಂಭಿಸಿದ ಸ್ಥಳವೂ ಗಮನಿಸತಕ್ಕದ್ದು. ಅದು 'ಫ್ರೀ ಟ್ರೇಡ್ ಹಾಲ್' ಎಂಬ ಸಭಾಮಂದಿರ. 1819ರ ಆಗಸ್ಟ್ 16ರಂದು ಮತದಾನದ ಹಕ್ಕನ್ನು ಕೇಳಲು ನೆರೆದಿದ್ದ ನಿರಾಯುಧ ಜನರ ಮೇಲೆ ಕುದುರೆ ಸವಾರರನ್ನು ನುಗ್ಗಿಸಿ ಹಲವರನ್ನು ಕೊಂದ 'ಪೀಟರ್‌ಲೂ' ಎಂಬ ಅನರ್ಥವು ನಡೆದ ಬಯಲಿನಲ್ಲಿಯೇ, ಧಾನ್ಯದ ಸುಂಕವನ್ನು ರದ್ದು ಮಾಡಿಸಿದ ಚಳವಳಿಯ ನೆನಪಿಗಾಗಿ, ಊರವರ ವರ್ಗಣಿಯಿಂದ ಎದ್ದ ಕಟ್ಟಡ ಅದು. 'ಗೃಹಸ್ಥರ' ಕೂಟದಂತೆ ಇಲ್ಲಿ ಬಾಗಿಲಲ್ಲಿ ಕುಲಗೋತ್ರಗಳನ್ನು ಕೇಳುವವರಿರಲಿಲ್ಲ. ಟಿಕೀಟು ಕೊಂಡವರಿಗೆ ಪ್ರವೇಶ, ಮತ್ತು ಬಡವರ ಕೈಗೆ ಎಟಕುವ ಅಗ್ಗದ ಟಿಕೀಟೂ ಇದ್ದಿತು. ಮೊದಲ ಹಂಗಾಮಿನಲ್ಲಿ ಮೂವತ್ತು ಕಚೇರಿಗಳಾದವು. ಆರಂಭದಲ್ಲಿ ಜನರು ಬಾರದೆ ಖೋತಾ ಬಿದ್ದಿತು. ಬರಬರುತ್ತ ಸಭಾಂಗಣವು ತುಂಬಿತು. ಕೊನೆಗೆ ಜಮಾಖರ್ಚು ನೋಡಲಾಗಿ ನಿಂತ ನಫೆಯು 2 ಶಿಲ್ಲಿಂಗು 6 ಪೆನ್ಸು, ಅಂದರೆ ಕಚೇರಿಗೆ ಒಂದೊಂದು ಪೆನ್ನಿ. ಇಷ್ಟು ನಫೆಯನ್ನು ಕಂಡು ಇನ್ನೊಬ್ಬನಾಗಿದ್ದರೆ ಅಂಗಡಿಯನ್ನು ಮುಚ್ಚುತ್ತಿದ್ದನು. ಹ್ಯಾಲೆಯವರು ಮರುವರ್ಷದ ಕಚೇರಿಗಳನ್ನು ಗೊತ್ತುಪಡಿಸಿದರು.

ಬೇಗನೆ ದೊಡ್ಡ ಪರೀಕ್ಷೆಯೂ ಬಂದಿತು. ಅಮೇರಿಕೆಯ ಅಂತರ್ಯುದ್ಧದಿಂದ 1861ರಿಂದ 1865ರ ವರೆಗೆ ಹತ್ತಿಯು ಬಾರದೆ ಲ್ಯಾಂಕಾಶಾಯರಿನ ಗಿರಣಿಗಳು ನಿಂತವು. 1862ರ ಚಳಿಗಾಲದಲ್ಲಿ ಸುಮಾರು ಐದು ಲಕ್ಷ ಜನರು ಧರ್ಮದ ಅನ್ನವನ್ನು ಉಣ್ಣುವಂತಾಯಿತು. ಆಗಲೇ ಧಾರವಾಡ ಸೀಮೆಯಲ್ಲಿ ಹತ್ತಿಯ ಬೆಲೆಯು ಮೇಲೆ ಮೇಲೆ ಹಾರಿದ್ದು; ಯುದ್ಧವು ಮುಗಿದೊಡನೆ ಅದು ದೊಪ್ಪನೆ ಬಿದ್ದು ಮುಂಬಯಿಯ ಶೇಟಜಿಗಳಿಂದ ಹಿಡಿದು ಅಡತಿಯವರ ವರೆಗೆ ಅನೇಕರನ್ನು ನೆಲಕ್ಕೆ ಕೆಡವಿತು. ಹಸಿದ ಆ ಕೆಲಸಗಾರರೇ 1862ರ ಡಿಸೆಂಬರ್ 31ರಂದು ಫ್ರೀ ಟ್ರೇಡ್ ಹಾಲಿನಲ್ಲಿ ಸಭೆ ಸೇರಿ, ತಮಗೆ ಹತ್ತಿ ಬಾರದಿದ್ದರೂ ಚಿಂತೆಯಿಲ್ಲ, ಗುಲಾಮಗಿರಿಯು ಹೋಗಲಿ ಎಂದು ಅಧ್ಯಕ್ಷ ಲಿಂಕನ್ನರ ಪಕ್ಷವನ್ನು ಹಿಡಿದರು. ಲಿಂಕನ್ನರು ಮರು ತಿಂಗಳಲ್ಲಿ ಅವರಿಗೆ ಕೃತಜ್ಞತೆಯ ಪತ್ರವನ್ನು ಬರೆದರು. ಒಂದು ಸಂಜೆ ಬೀಥೋವನ್ನನ ಸಿಂಫೋನಿ, ಇನ್ನೊಂದು ಸಂಜೆ ಇಂಥ ಸಭೆ. ಎರಡಕ್ಕೂ ಮಂದಿರವು ಒಂದೇ. ವಾದ್ಯವೃಂದವು ಆ ಊರಿನ ಸಾರ್ವಜನಿಕ ಜೀವನದ ಅಂಗವಾದ ಬಗೆಯು ಇದು.

ಹ್ಯಾಲೆಯವರು ಮುವ್ವತ್ತೇಳು ವರ್ಷಗಳ ವರೆಗೆ ತಾವೇ ಯಜಮಾನರಾಗಿ, ತಾವೇ ಮೇಳದ ನಾಯಕರಾಗಿ, ಎಷ್ಟೋ ವೇಳೆ ತಾವೇ ಪಿಯಾನೋದ ಮುಂದೆ ಕುಳಿತು ಅದನ್ನು ನಡೆಸಿದರು. 1888ರಲ್ಲಿ ಅವರಿಗೆ 'ಸರ್' ಪದವಿಯು ಬಂದಿತು. 1893ರಲ್ಲಿ ಸಂಗೀತ ವಿದ್ಯಾಲಯವು ಆರಂಭವಾಯಿತು. ಅದರ ಮೊದಲ ಪ್ರಾಚಾರ್ಯರೂ ಅವರೇ. ವಾದಕರನ್ನು ಸದಾ ಹೊರಗಿನಿಂದ ತರಿಸುವದಕ್ಕಿಂತ ಊರಿನಲ್ಲಿಯೇ ತಯಾರಿಸಬೇಕೆಂಬ ಈ ದೂರದೃಷ್ಟಿಯನ್ನು ನಾವು ಅವರ ಕಚೇರಿಗಳಿಗಿಂತಲೂ ಹೆಚ್ಚಿನದೆಂದು ಎಣಿಸುತ್ತೇವೆ. ದಕ್ಷಿಣ ಆಫ್ರಿಕದ ಪ್ರವಾಸದಿಂದ ಮರಳಿ ಬಂದ ಕೆಲವು ವಾರಗಳಲ್ಲಿಯೇ, 1895ರ ಅಕ್ಟೋಬರ್ 25ರಂದು, ಅವರು ಅಕಸ್ಮಾತ್ತಾಗಿ ತೀರಿಕೊಂಡರು. ಹಂಗಾಮು ಬಾಗಿಲಿಗೆ ಬಂದಿತ್ತು, ವಾದ್ಯವೃಂದಕ್ಕೆ ಯಜಮಾನನಿಲ್ಲ.

ಒಬ್ಬನೇ ಕಟ್ಟಿದ ಸಂಸ್ಥೆಗಳು ಕಟ್ಟಿದವನ ಚಿತೆಯೊಡನೆಯೇ ಹೋಗುವದನ್ನು ನಾವು ಎಷ್ಟು ಸಲ ನೋಡಿಲ್ಲ? ಮ್ಯಾಂಚೆಸ್ಟರಿನಲ್ಲಿ ಮೂವರು ಪೌರರು ಮುಂದೆ ಬಂದರು. ಗುಸ್ತಾವ್ ಬೇರೆನ್ಸ್ ಎಂಬ ವರ್ತಕರು, ಹೆನ್ರಿ ಸೈಮನ್ ಎಂಬ ಯಂತ್ರಶಿಲ್ಪಿಗಳು, ಜೇಮ್ಸ್ ಫಾರ್ಸೈತ್ ಎಂಬ ವಾದ್ಯಗಳ ವ್ಯಾಪಾರಸ್ಥರು. ಮೂರು ವರ್ಷ ಕಚೇರಿಗಳು ನಡೆಯತಕ್ಕದ್ದು, ನಷ್ಟವಾದರೆ ನಾವು ತುಂಬಿ ಕೊಡುವೆವು ಎಂದು ಅವರು ಹೊಣೆಯಾದರು. ಈ ಅವಧಿಯಲ್ಲಿ ಇನ್ನೂ ಅನೇಕ ಪೌರರನ್ನು ಕೂಡಿಸಿಕೊಂಡು 1899ರ ಹೊತ್ತಿಗೆ 'ಹ್ಯಾಲೆ ಕಚೇರಿಗಳ ಸಂಘ'ವನ್ನು ಕಾಯದೆಯ ಪ್ರಕಾರ ಸ್ಥಾಪಿಸಿದರು. ಸಂಘದ ಸಭಾಸದರು ಲಾಭದ ಪಾಲುಗಾರರಲ್ಲ, ನಷ್ಟದ ಹೊಣೆಗಾರರು. ಖೋತಾ ಬಿದ್ದರೆ ಇಂತಿಷ್ಟು ಹಣವನ್ನು ನನ್ನ ಕೈಯಿಂದ ಕೊಡುತ್ತೇನೆಂದು ಬರೆದುಕೊಟ್ಟವನಿಗೇ ಅಲ್ಲಿ ಸಭಾಸದತ್ವ! ಈ ಒಂದು ಏರ್ಪಾಡನ್ನು ನಮ್ಮ ಊರುಗಳ ವಕೀಲರೂ ವ್ಯಾಪಾರಸ್ಥರೂ ಎರಡು ಸಲ ಓದಬೇಕೆಂದು ನಮ್ಮ ಪ್ರಾರ್ಥನೆ. ನಮ್ಮಲ್ಲಿ ಸಂಘದ ಅಧ್ಯಕ್ಷತೆಯೆಂದರೆ ಮುಂದಿನ ಸಾಲಿನ ಕುರ್ಚಿ. ಅಲ್ಲಿ ಅದು ತೆರೆದ ಕೈಚೀಲ. ಸೈಮನ್ ಬೇರೆನ್ಸ್ ಮೊದಲಾದವರು ಪರದೇಶದಿಂದ ಬಂದ ಮನೆತನದವರೆಂಬದನ್ನೂ ಮರೆಯಬಾರದು. ಬಂದು ನೆಲಸಿದ ಊರನ್ನು ಅವರು ತಮ್ಮ ಊರೆಂದು ತಿಳಿದರು.

ಈ ಸಂಘವು ಆರಿಸಿ ತಂದ ನಾಯಕನು ಸಾಮಾನ್ಯನಲ್ಲ. 1876ರಲ್ಲಿ ಬಾಯ್‌ರಾಯ್ಟಿನಲ್ಲಿ ವಾಗ್ನರನ 'ರಿಂಗ್' ನಾಟಕಮಾಲೆಯನ್ನು ಮೊದಲ ಸಲ ನಡೆಸಿದ ಹಾನ್ಸ್ ರಿಕ್ಟರ್ ಅವರು ವಿಯೆನ್ನದಂಥ ಸಂಗೀತದ ಕಾಶಿಯನ್ನು ಬಿಟ್ಟು 1899ರಲ್ಲಿ ಮ್ಯಾಂಚೆಸ್ಟರಿಗೆ ಬಂದು 1911ರ ವರೆಗೆ ಇದ್ದರು. ಎಡ್ವರ್ಡ್ ಎಲ್ಗರ್ ಎಂಬ ಆಂಗ್ಲ ವಾಗ್ಗೇಯಕಾರರ ಮೊದಲ ಸಿಂಫೋನಿಯು 1908ರ ಡಿಸೆಂಬರ್ 3ರಂದು ಲಂಡನ್ನಿನಲ್ಲಿ ಅಲ್ಲ, ಇಲ್ಲಿಯೇ, ರಿಕ್ಟರರ ಕೈಕೆಳಗೆ ಮೊದಲು ನುಡಿಯಲ್ಪಟ್ಟಿತು. ಒಂದು ವರ್ಷದ ಸುಮಾರಿನಲ್ಲಿ ಜಗತ್ತಿನಲ್ಲೆಲ್ಲ ಅದನ್ನು ನೂರರ ಹತ್ತಿರ ಸಲ ನುಡಿಸಿದರೆಂದರೆ ಅದರ ಕೀರ್ತಿಯನ್ನು ಊಹಿಸಬಹುದು. ರಾಜಧಾನಿಯವರು ಅಂದಿನಿಂದ ಈ ಊರಿನ ಕಡೆಗೆ ಮುಖವೆತ್ತಿ ನೋಡಬೇಕಾಯಿತು. 1914ರ ಯುದ್ಧಕಾಲದ ಗಡಿಬಿಡಿಯ ಕಥೆಯನ್ನು ಇಲ್ಲಿ ವಿಸ್ತರಿಸುವದಿಲ್ಲ.

ಆದರೆ ಇಷ್ಟೆಲ್ಲ ಕೀರ್ತಿಯ ಬುಡದಲ್ಲಿ ಒಂದು ಹುಳವು ಕುಳಿತಿತ್ತು. ವಾದಕರಿಗೆ ಕೆಲಸವಿದ್ದದ್ದು ಚಳಿಗಾಲದ ಹಂಗಾಮಿನಲ್ಲಿ ಮಾತ್ರ. ಸಂಬಳವು ಕಚೇರಿಯ ಲೆಕ್ಕದಿಂದ. ಬೇಸಿಗೆ ಬಂದೊಡನೆ ಅವರು ಸಮುದ್ರ ತೀರದ ಸುಖಸ್ಥಾನಗಳಿಗೆ ಹೋಗಿ ವಿಹಾರಕ್ಕೆ ಬಂದವರ ಮುಂದೆ ಹಗುರಾದ ಸಂಗೀತವನ್ನು ನುಡಿಸಿ ಹೊಟ್ಟೆ ಹೊರೆಯಬೇಕಾಗಿದ್ದಿತು. 1920ರಿಂದ 1933ರ ವರೆಗೆ ನಾಯಕರಾಗಿದ್ದ ಹ್ಯಾಮಿಲ್ಟನ್ ಹಾರ್ಟಿಯವರು ಮೇಳವನ್ನು ಬ್ರಿಟನ್ನಿನ ಅಗ್ರಪಂಕ್ತಿಗೆ ತಂದರೂ ಈ ತೊಡಕನ್ನು ಬಿಡಿಸಲು ಅವರಿಂದಾಗಲಿಲ್ಲ. ಬಾನುಲಿ ಸಂಸ್ಥೆಯವರು ಮ್ಯಾಂಚೆಸ್ಟರಿನಲ್ಲಿ ತಮ್ಮದೇ ವಾದ್ಯವೃಂದವನ್ನು ಕಟ್ಟಿದ ಬಳಿಕ ಎರಡೂ ಕಡೆಗೆ ಕೆಲಸ ಮಾಡುವ ವಾದಕರು ಹೆಚ್ಚಿದರು. ಎರಡು ಮನೆಯ ನೆಂಟನು ಉಪವಾಸವಿರಲಾರನು ನಿಜ. ಆದರೆ ಯಾವ ಮನೆಯ ಮದುವೆಗೂ ಅವನು ವೇಳೆಗೆ ಸಿಕ್ಕುವದಿಲ್ಲ.

ಎರಡನೆಯ ಮಹಾಯುದ್ಧವು ಈ ತೊಡಕನ್ನು ಬಿಡಿಸಿತು. 1940ರ ಡಿಸೆಂಬರದಲ್ಲಿ ಜರ್ಮನ್ ಬಾಂಬುಗಳು ಫ್ರೀ ಟ್ರೇಡ್ ಹಾಲನ್ನು ಸುಟ್ಟು ಗೋಡೆಗಳನ್ನಷ್ಟೆ ಉಳಿಸಿದವು. ತರುಣ ವಾದಕರು ಸೈನ್ಯಕ್ಕೆ ಹೋದರು. ಇತ್ತ ಯುದ್ಧದ ಬೇಗೆಯಲ್ಲಿ ಜನರಿಗೆ ಸಂಗೀತದ ಹಸಿವು ಮಾತ್ರ ಹಿಂದೆಂದಿಗಿಂತ ಹೆಚ್ಚಾಯಿತು. ಆಗ ಸಂಘದವರು ಲಿವರ್‌ಪೂಲಿನ ಮೇಲ್ಪಂಕ್ತಿಯನ್ನು ನೋಡಿ, ಇನ್ನು ಮೇಲೆ ನಮ್ಮ ವಾದ್ಯವೃಂದವು ವರ್ಷವಿಡೀ ಸಂಬಳದ ಸ್ಥಿರ ಸಂಸ್ಥೆಯಾಗತಕ್ಕದ್ದು, ಬಾನುಲಿಯವರೊಡನೆ ವಾದಕರನ್ನು ಹಂಚಿಕೊಳ್ಳುವದು ಬೇಡ ಎಂದು ನಿಶ್ಚಯಿಸಿದರು. ಎರಡೂ ಕಡೆಗೆ ಇದ್ದವರಿಗೆ, ಯಾವದಾದರೂ ಒಂದನ್ನು ಆರಿಸಿಕೊಳ್ಳಿರೆಂದು ಹೇಳಿದರು. ಹ್ಯಾಲೆಯನ್ನು ಆರಿಸಿಕೊಂಡವರು ನಾಲ್ವರು! ಯುದ್ಧಕಾಲದಲ್ಲಿ ಬಾನುಲಿಯ ಭದ್ರವಾದ ಸಂಬಳವನ್ನು ಬಿಡಲೊಲ್ಲದವರನ್ನು ನಾವು ಬಯ್ಯಲಾರೆವು. ಹೆಂಡಿರು ಮಕ್ಕಳುಳ್ಳವರು ಬೇರೇನು ಮಾಡಿಯಾರು?

ಇದೇ ಹೊತ್ತಿಗೆ ನ್ಯೂಯಾರ್ಕಿನ ಹೆಸರಾಂತ ವಾದ್ಯವೃಂದದ ನಾಯಕರಾಗಿದ್ದ ಜಾನ್ ಬಾರ್ಬಿರೊಲಿಯವರಿಗೆ ಮ್ಯಾಂಚೆಸ್ಟರಿನಿಂದ ಕರೆಯು ಹೋಯಿತು. ಲಂಡನ್ನಿನಲ್ಲಿ ಇಟಲಿಯ ಮನೆತನದಲ್ಲಿ ಹುಟ್ಟಿದ ಈ ಮಹಾಶಯರು ಯುದ್ಧದ ನಡುವೆ ಸಮುದ್ರವನ್ನು ದಾಟಿ 1943ರ ಜೂನ್ 2ರಂದು ಬಂದಿಳಿದು ನೋಡಿದರೆ ವಾದ್ಯವೃಂದದ ಹೆಸರಿದೆ, ವಾದಕರಿಲ್ಲ. ಮೊದಲ ಕಚೇರಿಗೆ ಒಂದೇ ತಿಂಗಳು ಉಳಿದಿತ್ತು. ಅವರು ಬೆಳಗಿನಿಂದ ರಾತ್ರಿಯ ವರೆಗೆ ಬಂದವರನ್ನೆಲ್ಲ ಪರೀಕ್ಷಿಸುತ್ತ ಕುಳಿತರು. ಎಲ್ಲಿ ಕಲಿತಿರಿ, ಯಾರ ಶಿಷ್ಯರೆಂದು ಕೇಳಲಿಲ್ಲ. ನುಡಿಸಿ ತೋರಿಸಿರಿ ಎಂದರು. ಮುಖ್ಯ ಕೊಳಲುಗಾರನಾಗಿ ಶಾಲೆಯ ಹುಡುಗನೊಬ್ಬನು ಸಿಕ್ಕಿದನು. ಕಹಳೆ ಊದಲು ಶಾಲಾ ಮಾಸ್ತರಿಣಿಯೊಬ್ಬರು. ಹಿತ್ತಾಳೆಯ ವಾದ್ಯಗಳಿಗೆ ಆ ಸುತ್ತಿನ ಹಳ್ಳಿ ಗಿರಣಿಗಳ ಬ್ಯಾಂಡಿನವರು, ದಂಡಿನ ಬ್ಯಾಂಡಿನವರು. ಜುಲೈ 5ರಂದು ಬ್ರ್ಯಾಡ್‌ಫರ್ಡ್ ಎಂಬಲ್ಲಿ ಈ ಹೊಸ ವಾದ್ಯವೃಂದವು ಜನರ ಮುಂದೆ ಕುಳಿತಿತು. ಅದು ಪ್ರಾರಂಭದಿಂದಲೇ ಚೆನ್ನಾಗಿ ನುಡಿಸಿತೆಂದು ಬಲ್ಲವರು ಒಪ್ಪಿದರು. ಲಂಡನ್ನಿನಿಂದ ಪ್ರವೀಣರನ್ನು ತರಿಸದೆ ಆ ಸೀಮೆಯ ಗಿರಣಿ ಕೆಲಸಗಾರರು ಸಂಜೆಯ ಹೊತ್ತು ಊದುತ್ತಿದ್ದ ಕಹಳೆಗಳಿಂದಲೇ ದೊಡ್ಡ ಸಂಗೀತವನ್ನು ಎಬ್ಬಿಸಿದ ಈ ಸಂಗತಿಯು ನಮ್ಮನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿದೆ.

ಮಂದಿರವಿಲ್ಲದೆ ಅವರು ನುಡಿಸಿದ ಜಾಗಗಳಲ್ಲಿ ಪ್ರಾಣಿಸಂಗ್ರಹಾಲಯದ ಆವರಣದೊಳಗಿನ ಸರ್ಕಸ್ಸಿನ ಮಂದಿರವೂ ಒಂದು. ಸಾವಿರಾರು ಜನರು ಅಲ್ಲಿಗೂ ಬಂದರು. ನಗರಸಭೆಯು ಫ್ರೀ ಟ್ರೇಡ್ ಹಾಲನ್ನು ತಿರುಗಿ ಕಟ್ಟಿಸಿ 1951ರಲ್ಲಿ ತೆರೆಯಿತು. ಇಷ್ಟರಲ್ಲಿ ಇಂಗ್ಲೆಂಡಿನ ಸರಕಾರದ ದೃಷ್ಟಿಯೂ ಬದಲಾಗಿದ್ದಿತು. 1946ರಲ್ಲಿ ಕಲಾಮಂಡಳವು ಸನದು ಪಡೆಯಿತು. 1948ರ ಸ್ಥಳೀಯ ಸ್ವರಾಜ್ಯದ ಕಾಯದೆಯು, ಊರ ಜನರ ಮನೋವಿನೋದಕ್ಕಾಗಿ ಮನೆಪಟ್ಟಿಯ ಪೌಂಡಿಗೆ 6 ಪೆನ್ಸಿನ ವರೆಗೆ ವೆಚ್ಚ ಮಾಡಲು ನಗರಸಭೆಗಳಿಗೆ ಅಧಿಕಾರ ಕೊಟ್ಟಿತು. ಗಟಾರ, ದೀಪ, ನಲ್ಲಿಗಳಂತೆ ಸಂಗೀತವೂ ಪುರದ ಆಡಳಿತದ ಬಾಬತ್ತೆಂದು ಕಾಯದೆಯ ಮಾತಿನಲ್ಲಿ ಒಪ್ಪಿದ ಹಾಗಾಯಿತು. ಇದರಿಂದ ಹ್ಯಾಲೆಯು ಮೂರು ಕಾಲುಗಳ ಮೇಲೆ ನಿಂತಿತು: ಟಿಕೀಟಿನ ಹಣ, ಪೌರರ ವರ್ಗಣಿ, ಸರಕಾರ ನಗರಸಭೆಗಳ ಸಹಾಯಧನ. ಬಾರ್ಬಿರೊಲಿಯವರು ಹೆಚ್ಚಿನ ಸಂಬಳದ, ಹೆಚ್ಚಿನ ಮಾನದ ಕರೆಗಳನ್ನು ಒಲ್ಲೆನೆಂದು, 1970ರಲ್ಲಿ ತೀರಿಕೊಳ್ಳುವ ವರೆಗೆ ಈ ವಾದ್ಯವೃಂದದ ಸಂಬಂಧವನ್ನು ಬಿಡಲಿಲ್ಲ. ವಾನ್ ವಿಲಿಯಮ್ಸ್ ಎಂಬ ಹಿರಿಯ ವಾಗ್ಗೇಯಕಾರರ ಏಳನೆಯ ಸಿಂಫೋನಿಯು 1953ರಲ್ಲಿ, ಎಂಟನೆಯದು 1956ರಲ್ಲಿ ಮ್ಯಾಂಚೆಸ್ಟರಿನಲ್ಲಿಯೇ ಮೊದಲು ಕೇಳಬಂದವು. 1935ರಲ್ಲಿ ಮುಂಬಯಿಯಲ್ಲಿ ಸಿಂಫೋನಿ ವಾದ್ಯವೃಂದವನ್ನು ಕಟ್ಟಿ ಇಪ್ಪತ್ತು ವರ್ಷ ಹೆಣಗಿದ ಮೆಹ್ಲಿ ಮೆಹತಾ ಅವರು ಆ ಬಳಿಕ ಮ್ಯಾಂಚೆಸ್ಟರಿಗೆ ಹೋಗಿ ಬಾರ್ಬಿರೊಲಿಯವರ ಪಿಟೀಲುಗಾರರ ಮುಂಪಂಕ್ತಿಯಲ್ಲಿ ಕುಳಿತರೆಂಬದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಜುಬಿನ್ ಮೆಹತಾ ಅವರ ತಂದೆಯೆಂದರೆ ಗುರುತು ಹತ್ತೀತು. ಮುಂಬಯಿಯಂಥ ಕುಬೇರ ನಗರವು ಉಳಿಸಿಕೊಳ್ಳಲಾರದ ವಾದಕನಿಗೆ ಮ್ಯಾಂಚೆಸ್ಟರ್ ಸಂಬಳ ಕೊಟ್ಟಿತು.

ಅಲ್ಲಿ ಎಲ್ಲವೂ ನೆಟ್ಟಗೆ ನಡೆಯಿತೆಂದು ನಾವು ಹೇಳಿದರೆ ಸತ್ಯಕ್ಕೆ ದ್ರೋಹವಾದೀತು. 1996ರಲ್ಲಿ ಸುಮಾರು 4 ಕೋಟಿ 20 ಲಕ್ಷ ಪೌಂಡು ಬೆಲೆಯ ಬ್ರಿಜ್‌ವಾಟರ್ ಹಾಲ್ ಎಂಬ ಹೊಸ ಮಂದಿರವು ಸಿದ್ಧವಾಯಿತು. ಬೀದಿಯ ಗಾಡಿಗಳ ಅದುರು ಒಳಗೆ ಬಾರದಿರಲೆಂದು ಇಡೀ ಕಟ್ಟಡವನ್ನೇ ಸ್ಪ್ರಿಂಗುಗಳ ಮೇಲೆ ಕೂಡ್ರಿಸಿದ್ದಾರೆ. (ಹಳೆಯ ಫ್ರೀ ಟ್ರೇಡ್ ಹಾಲು ಈಗ ಹೊಟೆಲು. ಹುತಾತ್ಮರ ಬಯಲಿನ ಮೇಲೆ ಸಿರಿವಂತರ ಹಾಸಿಗೆ!) ಮಂದಿರವು ಬಂದಿತು, ಆಡಳಿತದ ಲಕ್ಷ್ಯವು ಹೋಯಿತು. ಆಗಿನ ನಾಯಕರಾದ ಕೆಂಟ್ ನಗಾನೋ ಅವರ ಕಾರ್ಯಕ್ರಮಗಳು ದೊಡ್ಡವು, ವೆಚ್ಚವೂ ದೊಡ್ಡದು. 1997ರಲ್ಲಿ ಎಂಟು ತಿಂಗಳು ಸಂಸ್ಥೆಗೆ ಮುಖ್ಯ ಆಡಳಿತಾಧಿಕಾರಿಯೇ ಇರಲಿಲ್ಲ. 1998ರಲ್ಲಿ 13 ಲಕ್ಷ ಪೌಂಡುಗಳ ಖೋತಾ ಹೊರಬಿದ್ದು ದಿವಾಳಿಯ ಮಾತು ಕೇಳಬಂದಿತು. ಊರ ಜನರು ಮತ್ತೆ ಕೈಯೆತ್ತಿ ಕೊಟ್ಟರು. ಸಾರ್ವಜನಿಕ ನಿಧಿಯಿಂದ 20 ಲಕ್ಷ ಪೌಂಡು ಕೂಡಿತು. ಆದರೆ ಕತ್ತರಿಯೂ ಆಡಿತು. ವಾದಕರ ಸಂಖ್ಯೆಯನ್ನು 98ರಿಂದ 80ಕ್ಕೆ ಇಳಿಸಿದರು. ಆಡಳಿತ ಮಂಡಳಿಯನ್ನೂ ಅರ್ಧಕ್ಕೆ ಕತ್ತರಿಸಿದರು. ಹದಿನೆಂಟು ಸಂಸಾರಗಳ ಮೇಲೆ ಬಿದ್ದ ಪೆಟ್ಟನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಕೆಳಗಿನವರ ಜೊತೆಗೆ ಮೇಲಿನ ಕುರ್ಚಿಗಳನ್ನೂ ಕಡಿಮೆ ಮಾಡಿದರೆಂಬಷ್ಟನ್ನು ಮಾತ್ರ ಹೇಳುತ್ತೇವೆ. ನಮ್ಮ ಕಡೆಗೆ ಕತ್ತರಿಯು ಅಷ್ಟು ಎತ್ತರಕ್ಕೆ ಏರುವ ರೂಢಿಯಿಲ್ಲ.

2000ದಿಂದ 2024ರ ವರೆಗೆ ಮಾರ್ಕ್ ಎಲ್ಡರ್ ಅವರು ನಾಯಕರಾಗಿದ್ದು ಮೇಳಕ್ಕೆ ಹಳೆಯ ಹೆಸರನ್ನು ಮರಳಿ ತಂದುಕೊಟ್ಟರು. ಗಿರಣಿ ಕೆಲಸಗಾರರ ಕೇರಿಯಾಗಿದ್ದ ಆಂಕೋಟ್ಸಿನಲ್ಲಿ ಪಾಳುಬಿದ್ದ ಇಗರ್ಜಿಯೊಂದನ್ನು ಸರಿಪಡಿಸಿ 2013ರಿಂದ ಅಭ್ಯಾಸದ ಮನೆಯನ್ನಾಗಿ ಮಾಡಿದ್ದಾರೆ. ಊರಿನ ಹುಡುಗರ ವಾದ್ಯವೃಂದವೂ ಅಲ್ಲಿ ಕಲಿಯುತ್ತದೆ. 2024ರ ಹಂಗಾಮಿನಿಂದ ಸಿಂಗಾಪುರದಲ್ಲಿ ಹುಟ್ಟಿದ ಕಾಹ್‌ಚುನ್ ವಾಂಗ್ ಎಂಬ ತರುಣರು ನಾಯಕರಾಗಿದ್ದಾರೆ.

ಇನ್ನು ನಮ್ಮ ನಾಡಿನ ಹಣವೊಂದು ಬೇರೊಂದು ವಾದ್ಯವೃಂದದಲ್ಲಿ ಹೋದ ಸಂಗತಿಯನ್ನು ಇದರ ಪಕ್ಕಕ್ಕೆ ಇಟ್ಟು ನೋಡೋಣ. ವಾಲ್ಟರ್ ಲೆಗ್ ಎಂಬುವರು 1945ರಲ್ಲಿ ಲಂಡನ್ನಿನಲ್ಲಿ 'ಫಿಲ್‌ಹಾರ್ಮೋನಿಯ' ವಾದ್ಯವೃಂದವನ್ನು ಕಟ್ಟಿದರು. ಅದರ ಎಳೆಗಾಲದಲ್ಲಿ ಬೆನ್ನಿಗೆ ನಿಂತವರು ಮೈಸೂರಿನ ಮಹಾರಾಜ ಶ್ರೀ ಜಯಚಾಮರಾಜ ಒಡೆಯರವರು. ಅವರು ಸ್ವತಃ ವಾಗ್ಗೇಯಕಾರರು, ಪಾಶ್ಚಾತ್ಯ ಸಂಗೀತವನ್ನು ಶಾಸ್ತ್ರೋಕ್ತವಾಗಿ ಬಲ್ಲವರು. ಆ ಕಚೇರಿಗಳ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷರು. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಸಹಾಯವನ್ನು ಕೊಟ್ಟರು. ರಿಚರ್ಡ್ ಸ್ಟ್ರೌಸನ ಕಟ್ಟಕಡೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲು ಹಾಡಲ್ಪಟ್ಟಾಗ ಹಣದ ಹೊಣೆಯನ್ನು ಹೊತ್ತವರೂ ಅವರೇ. ಈ ಔದಾರ್ಯದ ಬಗ್ಗೆ ನಮಗೆ ಅಭಿಮಾನವುಂಟು. ಆದರೆ ಆ ವಾದ್ಯವೃಂದವು ಒಬ್ಬನ ಇಚ್ಛೆಯ ಮೇಲೆ ನಿಂತದ್ದು. 1964ರಲ್ಲಿ ಲೆಗ್ ಅವರು ಅದನ್ನು ನಿಲ್ಲಿಸುವದಾಗಿ ಒಂದು ದಿನ ಸಾರಿಬಿಟ್ಟರು. ಆಗ ಅದನ್ನು ಉಳಿಸಿದವರು ಅರಸರಲ್ಲ, ಶ್ರೀಮಂತರಲ್ಲ. ವಾದಕರೇ ಒಟ್ಟುಗೂಡಿ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಇತ್ತ ಮೈಸೂರಿನ ಅರಮನೆಯ ಇಂಗ್ಲಿಷ್ ಬ್ಯಾಂಡೂ ಕರ್ನಾಟಕ ಬ್ಯಾಂಡೂ ಪೋಲೀಸು ಇಲಾಖೆಗೆ ಸೇರಿವೆ. ದಸರೆಯಲ್ಲಿ ಅವುಗಳನ್ನು ಕೇಳಿ ನಾವು ಹಿಗ್ಗುತ್ತೇವೆ. ಆದರೆ ಅವು ಸರಕಾರದ ಅಧೀನ ಸೇವೆಗಳು. ಮೈಸೂರಿನ ಪೌರರು ಅವುಗಳ ಖೋತಾಕ್ಕೆ ಹೊಣೆಯಾಗಿಲ್ಲ, ಹೊಣೆಯಾಗಿರೆಂದು ಅವರನ್ನು ಯಾರೂ ಕೇಳಿಯೂ ಇಲ್ಲ.

ನಮಗೆ ಸಿಂಫೋನಿ ಬೇಕೆಂದು ನಾವು ವಾದಿಸುತ್ತಿಲ್ಲ. ನಮ್ಮ ಸಂಗೀತವು ನಮಗೆ ಸಾಕು; ಅದು ನಾಲ್ಕೈದು ಜನರಿಂದ ಆಗತಕ್ಕದ್ದು, ಆದುದರಿಂದ ಅಗ್ಗದ್ದೂ ಹೌದು. ಅಗ್ಗದ ಈ ಸಂಗೀತಕ್ಕೂ ವರ್ಷವಿಡೀ ಸಂಬಳವನ್ನು ಕೊಡುವ ಒಂದು ಊರನ್ನು ಕರ್ನಾಟಕದಲ್ಲಿ ನಾವು ಕಾಣೆವು. ಜಿಲ್ಲೆಗೊಂದು ರಂಗಮಂದಿರವನ್ನು ಕಟ್ಟುತ್ತೇವೆ, ಉದ್ಘಾಟನೆಗೆ ಮಂತ್ರಿಗಳನ್ನು ಕರೆಯುತ್ತೇವೆ, ಆಮೇಲೆ ಅದನ್ನು ಮದುವೆ ಮುಂಜಿವೆಗಳಿಗೆ ಬಾಡಿಗೆಗೆ ಕೊಡುತ್ತೇವೆ. ಹೊಸ ಅಂದಾಜುಪತ್ರಿಕೆಯು ನಮ್ಮ ನಗರಸಭೆಗಳ ಮುಂದೆ ಬರುವಾಗ, ಊರಿನ ಇಬ್ಬರು ಗಾಯಕರಿಗೆ, ಮೂವರು ವಾದಕರಿಗೆ, ಶಾಲೆಗಳಲ್ಲಿ ಕಲಿಸುವ ಕರಾರಿನೊಡನೆ ಹನ್ನೆರಡು ತಿಂಗಳ ವೇತನವೆಂಬ ಒಂದು ಕಲಮನ್ನು ಸೇರಿಸಲು ಯಾವ ಸಭಾಸದರು ಎದ್ದು ನಿಲ್ಲುವರು? ಮತ್ತು ಅದರಲ್ಲಿ ಖೋತಾ ಬಿದ್ದರೆ ತುಂಬುವೆವೆಂದು ಬರೆದುಕೊಡುವ ಮೂವರು ವ್ಯಾಪಾರಸ್ಥರು ಯಾರು? ಹೆಸರುಗಳು ನಮ್ಮ ಕಚೇರಿಗೆ ಬಂದರೆ ಇದೇ ಅಂಕಣದಲ್ಲಿ ಅವುಗಳನ್ನು ಮುದ್ರಿಸುವೆವು.